ಮೂವತ್ತೈದು ದಿನಗಳ ತಿಂಗಳು

ನಮ್ಮ ಪಂಚಾಂಗದಲ್ಲಿ ಅಧಿಕ ಮಾಸವೆಂಬುದುಂಟು. ಸೂರ್ಯನ ಗತಿಗೂ ಚಂದ್ರನ ಗತಿಗೂ ನಡುವೆ ಬೀಳುವ ಅಂತರವನ್ನು ಸರಿದೂಗಿಸಲು ಸುಮಾರು ಎರಡೂವರೆ-ಮೂರು ವರ್ಷಗಳಿಗೊಮ್ಮೆ ಒಂದು ತಿಂಗಳನ್ನೇ ಹೆಚ್ಚಾಗಿ ಸೇರಿಸಿಕೊಳ್ಳುತ್ತೇವೆ. ಅದಕ್ಕೊಂದು ಲೆಕ್ಕವಿದೆ, ಶಾಸ್ತ್ರವಿದೆ. ಯಾವಾಗ ಬರುತ್ತದೆಂಬುದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಆದರೆ ಅಮೆರಿಕದ ಒಂದು ಭಾರಿ ಸಾಫ್ಟ್‌ವೇರ್ ಕಂಪನಿ 1990ರ ದಶಕದ ಕೊನೆಯಲ್ಲಿ ಯಾವ ಪಂಚಾಂಗದಲ್ಲೂ ಇಲ್ಲದ ತಿಂಗಳೊಂದನ್ನು ಗುಟ್ಟಾಗಿ ಇಟ್ಟುಕೊಂಡಿತ್ತು. ಅದಕ್ಕೆ ಮೂವತ್ತೈದು ದಿನ! ಮಾರ್ಚ್ 31ಕ್ಕೆ ಮುಗಿಯಬೇಕಾದ ತಿಂಗಳು ಆ ಕಚೇರಿಯಲ್ಲಿ ಏಪ್ರಿಲ್ ಮೊದಲ ವಾರದವರೆಗೂ ನಡೆಯುತ್ತಿತ್ತು.

ಈ ವಿಚಿತ್ರ ತಿಂಗಳು ಹುಟ್ಟಿದ್ದೇಕೆ ಎಂದು ತಿಳಿಯಬೇಕಾದರೆ ಸಾಫ್ಟ್‌ವೇರ್ ಮಾರುವವರ ಬದುಕಿನ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡಿಕೊಂಡು ಬರಬೇಕು. ಸಾಫ್ಟ್‌ವೇರ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವವನು ಕಂಪ್ಯೂಟರ್ ಮುಂದೆ ಕುಳಿತ ಎಂಜಿನಿಯರ್. ಅವನು ಬರೆದದ್ದನ್ನು ಹೊತ್ತುಕೊಂಡು ಗಿರಾಕಿಯ ಬಾಗಿಲಿಗೆ ಹೋಗುವ ಮಾರಾಟಗಾರನ ನೆನಪು ಯಾರಿಗೂ ಬರುವುದಿಲ್ಲ. ಕಂಪನಿ ಮುಗ್ಗರಿಸಿದಾಗ ಮಾತ್ರ ಎಲ್ಲರ ಬೆರಳೂ ಅವನ ಕಡೆಗೇ ತಿರುಗುತ್ತದೆ. ಈ ಬೆರಳು ಸರಿಯಾದ ದಿಕ್ಕಿನಲ್ಲಿದೆಯೇ ಎಂಬುದೇ ಇಲ್ಲಿನ ಪ್ರಶ್ನೆ.

ಟಾರ್ಗೆಟ್ ಹುಟ್ಟಿದ ಊರು

ಬ್ಯಾಂಕಿನಲ್ಲಿ, ವಿಮಾ ಕಂಪನಿಯಲ್ಲಿ, ಔಷಧ ಕಂಪನಿಯಲ್ಲಿ ಕೆಲಸ ಮಾಡಿದವರಿಗೆ 'ಟಾರ್ಗೆಟ್' ಎಂಬ ಮಾತನ್ನು ವಿವರಿಸಬೇಕಾಗಿಲ್ಲ. ಮಾರ್ಚ್ ಬಂತೆಂದರೆ ವಿಮಾ ಏಜೆಂಟರು ನೆಂಟರ ಮನೆಗೂ ನಾಚಿಕೊಳ್ಳುತ್ತಲೇ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಈ ಪದ್ಧತಿಗೆ ಅಚ್ಚುಕಟ್ಟಾದ ರೂಪ ಕೊಟ್ಟವರಲ್ಲಿ ಮುಖ್ಯನಾದವನು ಅಮೆರಿಕದ ಓಹಾಯೊ ರಾಜ್ಯದ ಡೇಟನ್ ನಗರದ ಜಾನ್ ಪ್ಯಾಟರ್ಸನ್. ಅಂಗಡಿಗಳ ಗಲ್ಲಾಪೆಟ್ಟಿಗೆಯ ಮೇಲೆ ಕೂರುವ ಕ್ಯಾಷ್ ರಿಜಿಸ್ಟರ್ ಯಂತ್ರದ ಕಂಪನಿಯನ್ನು 1884ರಲ್ಲಿ ಕೊಂಡುಕೊಂಡ ಆತ ಅದಕ್ಕೆ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಎಂದು ಹೆಸರಿಟ್ಟ. ಪ್ರತಿಯೊಬ್ಬ ಮಾರಾಟಗಾರನಿಗೂ ಇಂತಿಷ್ಟು ಪ್ರದೇಶವೆಂದು ಗೊತ್ತುಮಾಡಿದ. ಗಿರಾಕಿಯ ಎದುರು ಹೇಗೆ ಮಾತಾಡಬೇಕೆಂಬುದನ್ನು ಸಣ್ಣ ಪುಸ್ತಕವಾಗಿ ಅಚ್ಚುಹಾಕಿಸಿ ಬಾಯಿಪಾಠ ಮಾಡಿಸಿದ. ಗುರಿ ಮುಟ್ಟಿದವರಿಗೆಂದೇ ಒಂದು ಕ್ಲಬ್ ಮಾಡಿದ. ಆತ ಕಠಿಣ ಯಜಮಾನ. ಕಾರಣ ಹೇಳದೆ ಜನರನ್ನು ಮನೆಗೆ ಕಳಿಸುವುದರಲ್ಲೂ ಹೆಸರುವಾಸಿ.

ಆತನಿಂದ ಹಾಗೆ ಹೊರಬಿದ್ದವರಲ್ಲೊಬ್ಬ ಥಾಮಸ್ ವಾಟ್ಸನ್. 1914ರಲ್ಲಿ ಇನ್ನೊಂದು ಕಂಪನಿಗೆ ಸೇರಿದ ವಾಟ್ಸನ್ ಹಳೆಯ ಯಜಮಾನನಿಂದ ಕಲಿತ ಮಾರಾಟವಿದ್ಯೆಯನ್ನೆಲ್ಲ ಅಲ್ಲಿಗೆ ತಂದ. ಆ ಕಂಪನಿ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಮುಂದೆ ಕಂಪ್ಯೂಟರ್ ವ್ಯಾಪಾರವೆಂದರೆ ಐಬಿಎಂ ಎಂಬಂತಾದಾಗ ಪ್ಯಾಟರ್ಸನ್ನನ ಕ್ಯಾಷ್ ರಿಜಿಸ್ಟರ್ ಪಾಠವೇ ಕಂಪ್ಯೂಟರ್ ಲೋಕದ ಪಾಠವಾಯಿತು.

ಈ ಪಾಠದಲ್ಲಿ ಮೊದಲಿನಿಂದಲೂ ಒಂದು ತೊಡಕಿತ್ತು. ಗುರಿಯನ್ನು ನಿಗದಿ ಮಾಡುವವನೂ, ಮುಟ್ಟುವವನೂ ಬೇರೆ ಬೇರೆ. ನಿಗದಿ ಮಾಡುವವನಿಗೆ ಬುದ್ಧಿ ಕಡಿಮೆಯಿದ್ದರೆ ಮುಟ್ಟುವವನ ಶ್ರಮ ವ್ಯರ್ಥ. ಇದಕ್ಕೆ ರಾಸ್ ಪೆರೋ ಕಥೆ ಒಳ್ಳೆಯ ಉದಾಹರಣೆ. 1957ರಲ್ಲಿ ಐಬಿಎಂ ಮಾರಾಟಗಾರನಾಗಿ ಸೇರಿದ ಈತ 1962ರಲ್ಲಿ ಇಡೀ ವರ್ಷದ ಗುರಿಯನ್ನು ಜನವರಿ ಮುಗಿಯುವುದರೊಳಗೇ ಪೂರೈಸಿಬಿಟ್ಟನೆಂದು ಹೇಳುತ್ತಾರೆ. ಕಮಿಷನ್ನಿಗೆ ಕಂಪನಿ ಮಿತಿ ಹಾಕಿದ್ದರಿಂದ ಉಳಿದ ಹನ್ನೊಂದು ತಿಂಗಳು ಮಾರಿದರೂ ಒಂದೇ, ಮಾರದಿದ್ದರೂ ಒಂದೇ. ಆತ ಅದೇ ವರ್ಷ ಕೆಲಸ ಬಿಟ್ಟು, ಸಾವಿರ ಡಾಲರ್ ಬಂಡವಾಳದಲ್ಲಿ ಎಲೆಕ್ಟ್ರಾನಿಕ್ ಡೇಟಾ ಸಿಸ್ಟಮ್ಸ್ ಎಂಬ ಸ್ವಂತ ಕಂಪನಿ ತೆರೆದ. ಅದು ಬೆಳೆದು ಜಗತ್ತಿನ ದೊಡ್ಡ ಕಂಪ್ಯೂಟರ್ ಸೇವಾ ಸಂಸ್ಥೆಗಳಲ್ಲೊಂದಾಯಿತು. 1992ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಪಕ್ಷೇತರನಾಗಿ ಸ್ಪರ್ಧಿಸಿದ್ದು ಈ ಪೆರೋನೇ.

ಪುಕ್ಕಟೆ ಸಿಗುವುದನ್ನು ಮಾರಿದವರು

ಆ ಕಾಲದಲ್ಲಿ ಸಾಫ್ಟ್‌ವೇರ್ ಎಂಬುದು ಮಾರುವ ಪದಾರ್ಥವೇ ಆಗಿರಲಿಲ್ಲ. ಕಂಪ್ಯೂಟರ್ ಕೊಂಡವರಿಗೆ ಅಥವಾ ಬಾಡಿಗೆಗೆ ಪಡೆದವರಿಗೆ ಪ್ರೋಗ್ರಾಮುಗಳು ಯಂತ್ರದ ಜೊತೆಯಲ್ಲೇ ಬರುತ್ತಿದ್ದವು. ತರಕಾರಿ ಕೊಂಡರೆ ಕರಿಬೇವು ಬಂದಂತೆ. ಇಂಥ ಕಾಲದಲ್ಲಿ ನ್ಯೂಜೆರ್ಸಿಯ ಅಪ್ಲೈಡ್ ಡೇಟಾ ರಿಸರ್ಚ್ ಎಂಬ ಸಣ್ಣ ಕಂಪನಿ, ಪ್ರೋಗ್ರಾಮುಗಳ ನಕ್ಷೆಯನ್ನು ತಾನೇ ಬರೆಯುವ 'ಆಟೋಫ್ಲೋ' ಎಂಬ ಸಾಫ್ಟ್‌ವೇರನ್ನು ಸಿದ್ಧಪಡಿಸಿತು. ಅದನ್ನು ಮೊದಲು ಆರ್‌ಸಿಎ ಎಂಬ ಕಂಪ್ಯೂಟರ್ ಕಂಪನಿಗಾಗಿ ತಯಾರಿಸಿದ್ದು. ಆರ್‌ಸಿಎ ಬೇಡವೆಂದಾಗ 1965ರ ಹೊತ್ತಿಗೆ ಕಂಪನಿಯೇ ಅದನ್ನು ನೇರವಾಗಿ ಗಿರಾಕಿಗಳಿಗೆ ಮಾರಲು ಹೊರಟಿತು. ಆದರೆ ಐಬಿಎಂ ಅಂಥದ್ದೇ ಒಂದು ಪ್ರೋಗ್ರಾಮನ್ನು ಪುಕ್ಕಟೆ ಕೊಡುತ್ತಿತ್ತು. ಪಕ್ಕದಲ್ಲಿ ಅನ್ನಸಂತರ್ಪಣೆ ನಡೆಯುತ್ತಿರುವಾಗ ಹೋಟೆಲಿಟ್ಟವನ ಪಾಡು ಅವರದು.

ಆದರೂ ವ್ಯಾಪಾರ ಕುದುರಿತು. ಕ್ಯಾಲಿಫೋರ್ನಿಯದ ಇನ್ಫರ್ಮ್ಯಾಟಿಕ್ಸ್ ಎಂಬ ಕಂಪನಿ 1967ರಲ್ಲಿ 'ಮಾರ್ಕ್ ಫೋರ್' ಎಂಬ ಸಾಫ್ಟ್‌ವೇರಿಗೆ 30,000 ಡಾಲರ್ ಬೆಲೆ ಕಟ್ಟಿದಾಗ ಕೇಳಿದವರು ಹುಬ್ಬೇರಿಸಿದರು. ಅದೇ ಮುಂದೆ ಒಟ್ಟು ಮಾರಾಟದಲ್ಲಿ ಹತ್ತು ಲಕ್ಷ ಡಾಲರ್ ದಾಟಿದ, ಬಳಿಕ ಒಂದು ಕೋಟಿ ಡಾಲರನ್ನೂ ದಾಟಿದ ಮೊದಲ ಸಾಫ್ಟ್‌ವೇರ್ ಎನಿಸಿತು. ಅಮೆರಿಕ ಸರ್ಕಾರ 1969ರ ಜನವರಿಯಲ್ಲಿ ಐಬಿಎಂ ಮೇಲೆ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. ಅದೇ ವರ್ಷ ಜೂನ್ 23ರಂದು ಐಬಿಎಂ, ತನ್ನ ಸಾಫ್ಟ್‌ವೇರಿಗೂ ಸೇವೆಗಳಿಗೂ ಯಂತ್ರದಿಂದ ಬೇರೆಯಾಗಿ ಬೆಲೆ ಕಟ್ಟುವುದಾಗಿ ಪ್ರಕಟಿಸಿತು. ಸಾಫ್ಟ್‌ವೇರ್ ಉದ್ಯಮಕ್ಕೆ ಬಾಗಿಲು ತೆರೆದದ್ದು ಅಂದು. ಅಪ್ಲೈಡ್ ಡೇಟಾ ರಿಸರ್ಚ್, ಇನ್ಫರ್ಮ್ಯಾಟಿಕ್ಸ್ ಎಂಬ ಈ ಎರಡು ಹೆಸರುಗಳನ್ನು ಓದುಗರು ನೆನಪಿನಲ್ಲಿಟ್ಟಿರಬೇಕು. ಕಥೆಯ ಕೊನೆಯಲ್ಲಿ ಅವು ಮತ್ತೆ ಬರುತ್ತವೆ.

ಕಣ್ಣಿಗೆ ಕಾಣದ ಸರಕು

ಕ್ಯಾಷ್ ರಿಜಿಸ್ಟರನ್ನು ಮಾರಿದರೆ ಕಾರ್ಖಾನೆಯಿಂದ ಒಂದು ಪೆಟ್ಟಿಗೆ ಹೊರಹೋಗಬೇಕು. ಎಷ್ಟು ಪೆಟ್ಟಿಗೆ ಹೋಯಿತೆಂದು ಬಾಗಿಲಲ್ಲಿ ನಿಂತವನೂ ಎಣಿಸಬಹುದು. ಸಾಫ್ಟ್‌ವೇರಿನ ಸ್ವಭಾವ ಹಾಗಲ್ಲ. ಅದನ್ನು ತಯಾರಿಸಲು ವರ್ಷಗಟ್ಟಲೆ ಬೇಕು, ಕೋಟಿಗಟ್ಟಲೆ ಹಣ ಬೇಕು. ಒಮ್ಮೆ ತಯಾರಾದ ಮೇಲೆ ಇನ್ನೊಂದು ಪ್ರತಿ ತೆಗೆಯಲು ಖರ್ಚೇ ಇಲ್ಲವೆನ್ನಬೇಕು. ಗಿರಾಕಿ ಕೊಳ್ಳುವುದು ಅದನ್ನು ಬಳಸುವ ಹಕ್ಕನ್ನು, ಅಂದರೆ ಲೈಸೆನ್ಸನ್ನು. ಆದ್ದರಿಂದ ಇಲ್ಲಿ ಮಾರಾಟವೆಂದರೆ ಒಂದು ಕಾಗದ, ಎರಡು ಸಹಿ, ಒಂದು ದಿನಾಂಕ.

ಈ ಮೂರೇ ಸಂಗತಿಗಳಿಂದ ಎರಡು ಪರಿಣಾಮಗಳಾದವು. ಪ್ರತಿ ತೆಗೆಯಲು ಖರ್ಚಿಲ್ಲವೆಂದಮೇಲೆ ಎಷ್ಟು ರಿಯಾಯಿತಿ ಕೊಟ್ಟರೂ ಲಾಭವೇ ಎಂಬ ಭಾವನೆ ಬಂದದ್ದು ಮೊದಲನೆಯದು. ಅಮೆರಿಕದಲ್ಲಿ ಷೇರುಪೇಟೆಗೆ ಬಂದ ಕಂಪನಿಗಳು ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಇದು ಗಿರಾಕಿಗೂ ಗೊತ್ತು. ಅವನು ತ್ರೈಮಾಸಿಕದ ಕೊನೆಯ ವಾರದವರೆಗೆ ಸುಮ್ಮನಿರುತ್ತಾನೆ. ಕೊನೆಯ ದಿನ ಸಂಜೆ ಮಾರಾಟಗಾರ ಬೆವರುತ್ತಿರುವಾಗ ಅರ್ಧ ಬೆಲೆಗೆ ಕೇಳುತ್ತಾನೆ. ಸಂತೆ ಮುಗಿಯುವ ಹೊತ್ತಿನಲ್ಲಿ ಟೊಮೇಟೊ ಕೇಳಿದಂತೆ. ಎರಡು ತಿಂಗಳು ಒಣಗಿದ್ದ ಕಚೇರಿಯಲ್ಲಿ ಕೊನೆಯ ನಾಲ್ಕು ದಿನ ಪ್ರವಾಹ!

ಎರಡನೆಯ ಪರಿಣಾಮ ಇನ್ನೂ ಗಂಭೀರವಾದದ್ದು. ಸರಕು ಬರೀ ಕಾಗದವಾದ ಕಾರಣ, ಇನ್ನೂ ಹುಟ್ಟದ ಸಾಫ್ಟ್‌ವೇರನ್ನು ಇವತ್ತೇ ಮಾರಬಹುದು. ಗಿರಾಕಿಗೆ ಮುಂದಿನ ಮೂರು ವರ್ಷಗಳಿಗೆ ಬೇಕಾದದ್ದನ್ನೂ ಇವತ್ತಿನ ಪುಸ್ತಕದಲ್ಲೇ ಬರೆದುಕೊಳ್ಳಬಹುದು. ಬೇಡವಾದರೆ ಹಿಂದಿರುಗಿಸಿ ಎಂದು ಬೇರೆಯೊಂದು ಪತ್ರ ಬರೆದುಕೊಟ್ಟು, ಆ ಪತ್ರವನ್ನು ಲೆಕ್ಕಪರಿಶೋಧಕರಿಗೆ ತೋರಿಸದೆ ಇಡಬಹುದು. ಈ ಮೂರೂ ನಡೆದವು.

ಒಂದು ಕಂಪನಿ ಬಿದ್ದು ಎದ್ದ ಬಗೆ

ದತ್ತಾಂಶಗಳನ್ನು ಜೋಡಿಸಿಡುವ ಡೇಟಾಬೇಸ್ ಸಾಫ್ಟ್‌ವೇರಿಗೆ ಹೆಸರಾದ ಒರಾಕಲ್ ಕಂಪನಿಯನ್ನು 1977ರಲ್ಲಿ ಲ್ಯಾರಿ ಎಲಿಸನ್, ಬಾಬ್ ಮೈನರ್ ಮತ್ತು ಎಡ್ ಓಟ್ಸ್ ಕಟ್ಟಿದರು. ಇದರ ಮೊದಲ ಸರಕಿಗೇ 'ಎರಡನೆಯ ಆವೃತ್ತಿ' ಎಂದು ಹೆಸರಿಟ್ಟಿದ್ದರು, ಮೊದಲನೆಯ ಆವೃತ್ತಿ ಎಂದರೆ ಯಾರೂ ಕೊಳ್ಳಲಾರರೆಂದು! ಮಾರಾಟದ ಚುರುಕು ಆ ಕಂಪನಿಯ ರಕ್ತದಲ್ಲೇ ಇತ್ತು. 1986ರ ಮಾರ್ಚ್ 12ರಂದು ಷೇರುಪೇಟೆಗೆ ಬಂದ ಮೇಲೆ ಬೆಳವಣಿಗೆಗೆ ತಡೆಯೇ ಇಲ್ಲವೆನಿಸಿತು. 1987ರಲ್ಲಿ ಸುಮಾರು 13 ಕೋಟಿ ಡಾಲರಿದ್ದ ವಾರ್ಷಿಕ ಆದಾಯ 1990ರ ಹೊತ್ತಿಗೆ 97 ಕೋಟಿ ಡಾಲರ್ ಎಂದು ಲೆಕ್ಕ ತೋರಿಸಲಾಯಿತು.

ವರ್ಷವರ್ಷವೂ ದುಪ್ಪಟ್ಟಾಗಬೇಕೆಂಬುದು ಮೇಲಿನವರ ಹಟ. ಹಾಗಾದರೆ ಪ್ರತಿಯೊಬ್ಬ ಮಾರಾಟಗಾರನ ಗುರಿಯೂ ದುಪ್ಪಟ್ಟಾಗಬೇಕು. ಈ ಅಂಕಿ ಬಂದದ್ದು ಅವನ ಪ್ರದೇಶದಲ್ಲಿ ಎಷ್ಟು ಗಿರಾಕಿಗಳಿದ್ದಾರೆ ಎಂಬುದರಿಂದಲ್ಲ, ಷೇರುಪೇಟೆಗೆ ಏನು ಹೇಳಿದ್ದೇವೆ ಎಂಬುದರಿಂದ. ಸಹಿ ಬಿದ್ದರೆ ಕಮಿಷನ್. ಗಿರಾಕಿಯ ಹಣ ಯಾವಾಗ ಬರುತ್ತದೆಂಬುದು ಮಾರಾಟಗಾರನ ಚಿಂತೆಯಲ್ಲ. ಸಹಜವಾಗಿಯೇ ಅವರು ಗಿರಾಕಿಗಳಿಗೆ ಮುಂದೆಂದೋ ಬೇಕಾಗುವ ಲೈಸೆನ್ಸುಗಳನ್ನೆಲ್ಲ ಈಗಲೇ ಒಟ್ಟಿಗೆ ಮಾರಿದರು. 1988ರಲ್ಲಿ ಬಂದ ಆರನೆಯ ಆವೃತ್ತಿ ದೋಷಗಳಿಂದ ತುಂಬಿತ್ತು. ಮಾತುಕೊಟ್ಟವರು ಮಾರಾಟಗಾರರು, ಬೈಗುಳ ತಿಂದವರೂ ಅವರೇ.

1990ರ ಮಾರ್ಚ್ ಕೊನೆಯಲ್ಲಿ ಕಂಪನಿಯ ಲಾಭ ನಿರೀಕ್ಷೆಯಂತೆ ಏರಿಲ್ಲವೆಂದು ಪ್ರಕಟವಾಯಿತು. ಷೇರಿನ ಬೆಲೆ ಒಂದೇ ದಿನ ಶೇಕಡ 31ರಷ್ಟು ಕುಸಿಯಿತು. ಅದೇ ವರ್ಷ ಕಂಪನಿ ನಷ್ಟವನ್ನೂ ಕಂಡಿತು. ಹಿಂದೆ ತೋರಿಸಿದ ಲೆಕ್ಕಗಳನ್ನು ತಿದ್ದಬೇಕಾಯಿತು. ನೂರಕ್ಕೆ ಹತ್ತರಂತೆ, ಸುಮಾರು 400 ಮಂದಿ ಕೆಲಸ ಕಳೆದುಕೊಂಡರು. ಕೆಲವು ಗಿರಾಕಿಗಳಿಗೆ ಎರಡೆರಡು ಬಾರಿ ಬಿಲ್ ಕಳಿಸಿದ್ದು, ಹಿಂದಿರುಗಿದ ಸರಕನ್ನು ಲೆಕ್ಕದಿಂದ ಕಳೆಯದಿದ್ದುದು ಮುಂತಾದ ಆರೋಪಗಳನ್ನು ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ ಹೊರಿಸಿತು. ತಪ್ಪನ್ನು ಒಪ್ಪದೆ, ಅಲ್ಲಗಳೆಯದೆ 1993ರಲ್ಲಿ ಕಂಪನಿ ಒಂದು ಲಕ್ಷ ಡಾಲರ್ ದಂಡ ತೆತ್ತು ಮುಗಿಸಿತು.

ಮುಂದೆ ಆದದ್ದು ನಮ್ಮ ಪ್ರಶ್ನೆಗೆ ಬಹಳ ಮುಖ್ಯ. 1991ರಲ್ಲಿ ಜೆಫ್ ಹೆನ್ಲಿ ಹಣಕಾಸು ನೋಡಿಕೊಳ್ಳಲು ಬಂದರು. 1992ರಲ್ಲಿ ರೇ ಲೇನ್ ಅಮೆರಿಕದ ಮಾರಾಟದ ಹೊಣೆ ಹೊತ್ತರು. ಆದಾಯವನ್ನು ಯಾವಾಗ ಪುಸ್ತಕಕ್ಕೆ ಬರೆಯಬೇಕೆಂಬ ನಿಯಮ ಬಿಗಿಯಾಯಿತು. 1992ರಲ್ಲಿ ಬಂದ ಏಳನೆಯ ಆವೃತ್ತಿ ಗಟ್ಟಿಯಾಗಿತ್ತು. ಕಂಪನಿ ಎದ್ದು ನಿಂತಿತು. 1994ರಲ್ಲಿ ನಮ್ಮ ಬೆಂಗಳೂರಿನಲ್ಲೂ ಅಭಿವೃದ್ಧಿ ಕೇಂದ್ರ ತೆರೆಯಿತು. ಊರು ಅದೇ, ಪೈಪೋಟಿ ಅದೇ, ಕಮಿಷನ್ನಿಗಾಗಿ ದುಡಿಯುವ ಜನರ ಆಸೆಯೂ ಅದೇ. ಬದಲಾದದ್ದು ನಿಯಮ ಮತ್ತು ಅದನ್ನು ಮಾಡುವವರು. ಮಾರಾಟಗಾರನ ಸ್ವಭಾವವೇ ದೋಷದ ಮೂಲವಾಗಿದ್ದರೆ ಇಷ್ಟರಿಂದ ಕಂಪನಿ ಚೇತರಿಸಿಕೊಳ್ಳುತ್ತಿರಲಿಲ್ಲ.

ಪಾಠ ಕಲಿಯದ ಪ್ರತಿಸ್ಪರ್ಧಿಯೂ ಇತ್ತು. ಒರಾಕಲ್‌ಗೆ ಎದುರಾಳಿಯಾಗಿದ್ದ ಇನ್ಫರ್ಮಿಕ್ಸ್ 1997ರ ಏಪ್ರಿಲ್ 1ರಂದು ತನ್ನ ಆದಾಯ ನಿರೀಕ್ಷೆಗಿಂತ ಸುಮಾರು 10 ಕೋಟಿ ಡಾಲರ್ ಕಡಿಮೆಯಾಗುವುದೆಂದು ಹೇಳಿತು. ತಾರೀಖು ನೋಡಿ ಕೆಲವರು ತಮಾಷೆಯೆಂದುಕೊಂಡಿರಬಹುದು. ಒಪ್ಪಂದದ ಹಿಂದೆ ಗುಟ್ಟಿನ ಪತ್ರಗಳಿದ್ದುದು ಬಯಲಾಗಿ ಮೂರು ವರ್ಷಗಳ ಲೆಕ್ಕ ತಿದ್ದಬೇಕಾಯಿತು. ಅದರ ಮುಖ್ಯಸ್ಥ ಫಿಲ್ ವೈಟ್‌ಗೆ 2004ರಲ್ಲಿ ಎರಡು ತಿಂಗಳ ಸೆರೆವಾಸವಾಯಿತು. 2001ರಲ್ಲೇ ಅದರ ಡೇಟಾಬೇಸ್ ವ್ಯವಹಾರ ಐಬಿಎಂ ಪಾಲಾಗಿತ್ತು.

ಐದು ದಿನಗಳ ಸಾಲ

ಈಗ ಮೂವತ್ತೈದು ದಿನಗಳ ತಿಂಗಳಿಗೆ ಬರೋಣ. ನ್ಯೂಯಾರ್ಕ್ ರಾಜ್ಯದ ಕಂಪ್ಯೂಟರ್ ಅಸೋಸಿಯೇಟ್ಸ್ ಬೇರೆ ಬೇರೆ ಸಾಫ್ಟ್‌ವೇರ್ ಕಂಪನಿಗಳನ್ನು ಕೊಂಡುಕೊಂಡೇ ಬೆಳೆದ ಸಂಸ್ಥೆ. 1998ರಲ್ಲಿ, ಷೇರಿನ ಬೆಲೆ ನಿಗದಿತ ಮಟ್ಟ ಮುಟ್ಟಿದ್ದಕ್ಕಾಗಿ ಅದರ ಮೂವರು ಮುಖ್ಯಸ್ಥರಿಗೆ ಸುಮಾರು 110 ಕೋಟಿ ಡಾಲರ್ ಮೌಲ್ಯದ ಷೇರುಗಳು ಸಂದವು. ಮೇಲಿನವರ ಬಹುಮಾನ ಷೇರಿನ ಬೆಲೆಗೆ ಗಂಟುಬಿದ್ದಿತ್ತು. ಷೇರಿನ ಬೆಲೆ ತ್ರೈಮಾಸಿಕದ ಲೆಕ್ಕಕ್ಕೆ. ಆ ಲೆಕ್ಕ ಮಾರಾಟಗಾರ ತರುವ ಸಹಿಗೆ.

ಸಹಿ ಸಮಯಕ್ಕೆ ಬರದಿದ್ದರೆ? ಪುಸ್ತಕವನ್ನು ಮುಚ್ಚದೆ ಇಟ್ಟರಾಯಿತು. ತ್ರೈಮಾಸಿಕ ಮುಗಿದು ಕೆಲವು ದಿನಗಳಾದ ಮೇಲೆ ಬಂದ ಒಪ್ಪಂದಗಳಿಗೆ ಹಿಂದಿನ ದಿನಾಂಕ ಹಾಕಿ, ಮುಗಿದ ತ್ರೈಮಾಸಿಕಕ್ಕೇ ಸೇರಿಸಲಾಯಿತು. ಫ್ಯಾಕ್ಸಿನಲ್ಲಿ ಬಂದ ಕಾಗದಗಳ ಅಂಚಿನಲ್ಲಿ ಯಂತ್ರ ತಾನೇ ಅಚ್ಚೊತ್ತುವ ತಾರೀಖು, ವೇಳೆಗಳನ್ನು ಅಳಿಸಿ ಲೆಕ್ಕಪರಿಶೋಧಕರಿಗೆ ಕೊಡಲಾಯಿತು. 1998ರ ಜನವರಿಯಿಂದ 2000ದ ಅಕ್ಟೋಬರ್‌ವರೆಗೆ ಹೀಗೆ ಕನಿಷ್ಠ 363 ಒಪ್ಪಂದಗಳ 330 ಕೋಟಿ ಡಾಲರಿಗೂ ಹೆಚ್ಚಿನ ಆದಾಯವನ್ನು ಅವಧಿಗೆ ಮುಂಚೆಯೇ ತೋರಿಸಲಾಗಿತ್ತೆಂದು ಆಯೋಗ 2004ರಲ್ಲಿ ಹೇಳಿತು.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಗಿರಾಕಿಗಳು ನಿಜ, ಸರಕು ನಿಜ, ಸಹಿಯೂ ನಿಜ. ಸುಳ್ಳಾಗಿದ್ದುದು ದಿನಾಂಕ ಮಾತ್ರ. ಐದು ದಿನಗಳಲ್ಲಿ ಏನು ಮಹಾ ಎನಿಸಬಹುದು. ಆದರೆ ಮುಂದಿನ ತ್ರೈಮಾಸಿಕ ಆ ಐದು ದಿನಗಳನ್ನು ಕಳೆದುಕೊಂಡೇ ಆರಂಭವಾಗುತ್ತದೆ. ಅದನ್ನು ತುಂಬಲು ಅದರ ಮುಂದಿನದರಿಂದ ಕಡ ತರಬೇಕು, ಅಷ್ಟಲ್ಲ, ಇನ್ನಷ್ಟು. ಬಿತ್ತನೆ ಬೀಜವನ್ನೇ ಕುಟ್ಟಿ ಉಂಡ ಮನೆಯ ಸ್ಥಿತಿ ಅದು. ಒಂದು ತ್ರೈಮಾಸಿಕದಲ್ಲಂತೂ ತೋರಿಸಿದ ಆದಾಯದಲ್ಲಿ ದೊಡ್ಡ ಪಾಲು ಹೀಗೆ ಮುಂಗಡವಾಗಿ ಎಳೆದುಕೊಂಡದ್ದಾಗಿತ್ತು. 2000ದ ಜುಲೈನಲ್ಲಿ ಎಳೆಯಲು ಏನೂ ಉಳಿಯದೆ ಕಂಪನಿ ಲೆಕ್ಕ ತಪ್ಪಿದ್ದನ್ನು ಒಪ್ಪಿಕೊಂಡಾಗ ಷೇರು ಒಂದೇ ದಿನ ಶೇಕಡ 40ಕ್ಕೂ ಹೆಚ್ಚು ಬಿತ್ತು.

ಷೇರುದಾರರ ನಷ್ಟ ತುಂಬಲು ಕಂಪನಿ 22.5 ಕೋಟಿ ಡಾಲರ್ ಕೊಡಬೇಕಾಯಿತು. ಮುಖ್ಯ ಕಾರ್ಯನಿರ್ವಾಹಕರಾಗಿದ್ದ ಶ್ರೀಲಂಕಾ ಮೂಲದ ಸಂಜಯ್ ಕುಮಾರ್ ತಪ್ಪೊಪ್ಪಿಕೊಂಡರು. 2006ರಲ್ಲಿ ಅವರಿಗೆ 12 ವರ್ಷ, ಮಾರಾಟ ವಿಭಾಗದ ಮುಖ್ಯಸ್ಥರಾಗಿದ್ದ ಸ್ಟೀಫನ್ ರಿಚರ್ಡ್ಸ್ ಅವರಿಗೆ 7 ವರ್ಷ ಸೆರೆವಾಸ ವಿಧಿಸಲಾಯಿತು. ನ್ಯಾಯಾಲಯವೂ ಬೆರಳು ತೋರಿಸಿದ್ದು ಮೇಲಕ್ಕೇ.

ಹಿಂದೆ ನೆನಪಿಡಿ ಎಂದಿದ್ದ ಎರಡು ಹೆಸರುಗಳು ಏನಾದವು? ಪುಕ್ಕಟೆ ಕಾಲದಲ್ಲಿ ಸಾಫ್ಟ್‌ವೇರ್ ಮಾರಿ ತೋರಿಸಿದ ಅಪ್ಲೈಡ್ ಡೇಟಾ ರಿಸರ್ಚ್ 1988ರಲ್ಲಿ ಇದೇ ಕಂಪ್ಯೂಟರ್ ಅಸೋಸಿಯೇಟ್ಸ್ ಹೊಟ್ಟೆ ಸೇರಿತ್ತು. ಇನ್ಫರ್ಮ್ಯಾಟಿಕ್ಸನ್ನು 1985ರಲ್ಲಿ ನುಂಗಿದ್ದ ಸ್ಟರ್ಲಿಂಗ್ ಸಾಫ್ಟ್‌ವೇರನ್ನೂ 2000ದಲ್ಲಿ ಅದೇ ಕಂಪನಿ ಕೊಂಡಿತು. ಒಂದೊಂದು ಗಿರಾಕಿಯನ್ನೂ ಒಲಿಸಿ, ಕೊಟ್ಟ ಮಾತಿನ ಬಲದಿಂದ ಹೊಸ ವ್ಯಾಪಾರವನ್ನೇ ಹುಟ್ಟಿಸಿದವರ ಆಸ್ತಿ ಕೊನೆಗೆ ಸೇರಿದ್ದು ತಾರೀಖು ಅಳಿಸುವವರ ಮನೆಯನ್ನು. ಆ ಕಂಪನಿಯನ್ನೂ 2018ರಲ್ಲಿ ಬ್ರಾಡ್‌ಕಾಮ್ ಕೊಂಡುಕೊಂಡಿತು.

ನಿಯಮ ಬಂತು, ತಿಂಗಳ ಕೊನೆ ಹೋಗಲಿಲ್ಲ

ಈ ಹಗರಣಗಳು ಲೆಕ್ಕಶಾಸ್ತ್ರಕ್ಕೆ ಕೆಲಸ ಕೊಟ್ಟವು. ಅಮೆರಿಕದ ಲೆಕ್ಕಪರಿಶೋಧಕರ ಸಂಸ್ಥೆ 1991ರಲ್ಲೂ, ಮತ್ತಷ್ಟು ಬಿಗಿಯಾಗಿ 1997ರಲ್ಲೂ ಸಾಫ್ಟ್‌ವೇರ್ ಆದಾಯಕ್ಕೆಂದೇ ನಿಯಮಗಳನ್ನು ರೂಪಿಸಿತು. ಒಪ್ಪಂದಕ್ಕೆ ಪುರಾವೆ ಇರಬೇಕು, ಸರಕು ತಲುಪಿರಬೇಕು, ಬೆಲೆ ಖಚಿತವಾಗಿರಬೇಕು, ಹಣ ಬರುವ ಭರವಸೆ ಇರಬೇಕು; ನಾಲ್ಕೂ ಕೂಡಿದರೆ ಮಾತ್ರ ಅದು ಆದಾಯ. ನಮ್ಮ ಕಿರಾಣಿ ಅಂಗಡಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೋಟ್ಯಂತರ ಡಾಲರಿನ ಕಂಪನಿಗಳಿಗೆ ಬರೆದು ಕೊಡಬೇಕಾಯಿತು. 1999ರಲ್ಲಿ ಸೇಲ್ಸ್‌ಫೋರ್ಸ್‌ನಂಥ ಕಂಪನಿ ಬಂದ ಮೇಲೆ ಸಾಫ್ಟ್‌ವೇರನ್ನು ಒಮ್ಮೆಗೇ ಮಾರದೆ ಚಂದಾ ರೂಪದಲ್ಲಿ ಕೊಡುವ ಪದ್ಧತಿ ಹರಡಿತು. ಚಂದಾ ಹಣವನ್ನು ಬಳಸಿದ ತಿಂಗಳಿಗೆ ಹಂಚಿ ಬರೆಯಬೇಕಾದ್ದರಿಂದ, ಎಲ್ಲವನ್ನೂ ಒಂದೇ ದಿನಕ್ಕೆ ತುರುಕುವ ಆಟ ಕಷ್ಟವಾಯಿತು.

ಆದರೆ ಮಾರಾಟಗಾರನ ತಿಂಗಳ ಕೊನೆ ಹೋಗಿಲ್ಲ. ಇಂದು ಬೆಂಗಳೂರಿನ ಎತ್ತರದ ಕಟ್ಟಡಗಳಲ್ಲಿ ಕೋಡ್ ಬರೆಯುವವರ ಮಗ್ಗುಲಲ್ಲೇ, ರಾತ್ರಿ ಪಾಳಿಯಲ್ಲಿ ದೂರದ ದೇಶಗಳ ಗಿರಾಕಿಗಳಿಗೆ ಫೋನ್ ಮಾಡಿ ಸಾಫ್ಟ್‌ವೇರ್ ಮಾರುವ ಯುವಕ ಯುವತಿಯರೂ ಇದ್ದಾರೆ. ನಮ್ಮ ಮನೆಗಳ ಮಕ್ಕಳೇ ಅವರು. ಎಂಜಿನಿಯರ್ ಮಗನ ಸಂಬಳವನ್ನು ಹೆಮ್ಮೆಯಿಂದ ಹೇಳುವ ತಂದೆ-ತಾಯಿ, ಸೇಲ್ಸ್‌ನಲ್ಲಿರುವ ಮಗಳ ಕೆಲಸವನ್ನು ಇನ್ನೂ ಸ್ವಲ್ಪ ತಗ್ಗಿದ ದನಿಯಲ್ಲೇ ಹೇಳುತ್ತಾರೆ. ಅವಳಿಗೆ ಗೊತ್ತು, ಟಾರ್ಗೆಟ್ ಇಲ್ಲದ ವ್ಯಾಪಾರವಿಲ್ಲ. ಅವಳು ಕೇಳಬೇಕಾದ ಪ್ರಶ್ನೆ ಬೇರೆ: ಈ ಅಂಕಿಯನ್ನು ಎಲ್ಲಿಂದ ತಂದಿರಿ? ಗಿರಾಕಿಯನ್ನು ನೋಡಿಯೋ, ಷೇರುಪೇಟೆಯನ್ನು ನೋಡಿಯೋ? ನಾನು ಇವತ್ತು ಕೊಡುವ ಮಾತನ್ನು ನಾಳೆ ಉಳಿಸಿಕೊಡುವವರು ಯಾರು?

ಈ ಪ್ರಶ್ನೆಗಳಿಗೆ ಮೇಲಿನಿಂದ ನೇರ ಉತ್ತರ ಬರುವ ಕಂಪನಿಯಲ್ಲಿ ತಿಂಗಳಿಗೆ ಮೂವತ್ತೇ ದಿನ ಸಾಕಾಗುತ್ತದೆ. ಉತ್ತರ ಬಾರದ ಕಡೆ ಎಷ್ಟು ದಿನ ಕೂಡಿಸಿದರೂ ಸಾಲದು.